ಥೈರಾಯ್ಡ್ ತೊಂದರೆ ಇರುವವರು ಕಾಸ್ಮೆಟಿಕ್ ಸರ್ಜರಿ ಮಾಡಿಸಿಕೊಳ್ಳಬಹುದೇ?

ಈ ವಿಷಯದ ಬಗ್ಗೆ ಮೊಬೈಲ್‌ಗೆ ಬರುವ ಸಂದೇಶಗಳು ಹೆಚ್ಚಾಗಿ ಎರಡು ಬಗೆ. ಒಂದು ಹೆದರಿಸುವ ಬಗೆ: ಥೈರಾಯ್ಡ್ ಇರುವವರು ಲೈಪೊಸಕ್ಷನ್, ಮೂಗಿನ ಸರ್ಜರಿ, ಕೂದಲು ಕಸಿ ಯಾವುದಕ್ಕೂ ಹೋಗಬಾರದು, ಹೋದರೆ ಮತ್ತೆ ಪ್ರಜ್ಞೆ ಬರುವುದಿಲ್ಲ. ಇನ್ನೊಂದು ಪುಸಲಾಯಿಸುವ ಬಗೆ: ಅರ್ಧ ದಿನದ ಕೆಲಸ, ಸಂಜೆಯೇ ಮನೆಗೆ ಹೋಗಬಹುದು, ಬಿಪಿ, ಶುಗರ್, ಥೈರಾಯ್ಡ್ ಇದ್ದರೂ ಚಿಂತೆ ಬೇಡ. ಯಾವ ಥೈರಾಯ್ಡ್ ತೊಂದರೆ, ಈಗ ಅದು ಯಾವ ಸ್ಥಿತಿಯಲ್ಲಿದೆ ಎಂದು ಇವೆರಡೂ ಕೇಳುವುದಿಲ್ಲ. ವೈದ್ಯರು ಮೊದಲು ಕೇಳುವುದು ಅದನ್ನೇ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಚಿಕಿತ್ಸೆಯಿಂದ ಹಾರ್ಮೋನ್ ಮಟ್ಟ ಹದಕ್ಕೆ ಬಂದಿದ್ದರೆ, ಥೈರಾಯ್ಡ್ ಒಂದನ್ನೇ ಕಾರಣ ಮಾಡಿ ಕಾಸ್ಮೆಟಿಕ್ ಸರ್ಜರಿ ಬೇಡ ಎನ್ನಬೇಕಾಗಿಲ್ಲ. ಹದ ತಪ್ಪಿದ್ದರೆ ಮುಂದೂಡಬೇಕು. ಅಪೆಂಡಿಕ್ಸ್ ಒಡೆದಾಗ ಥೈರಾಯ್ಡ್ ರಿಪೋರ್ಟ್‌ಗಾಗಿ ಕಾಯಲು ಆಗುವುದಿಲ್ಲ, ಅಪಾಯ ತಿಳಿದೇ ವೈದ್ಯರು ಮುಂದುವರಿಯುತ್ತಾರೆ. ಮೂಗು ತಿದ್ದಿಸಿಕೊಳ್ಳುವುದಕ್ಕೆ ಅಂಥ ಅವಸರ ಯಾವತ್ತೂ ಇಲ್ಲ. ಅದಕ್ಕೇ ಇಲ್ಲಿ ‘ಸ್ವಲ್ಪ ಏರುಪೇರು ಇದೆ, ಪರವಾಗಿಲ್ಲ’ ಎಂಬ ಮಾತಿಗೆ ಜಾಗ ಬಹಳ ಕಡಿಮೆ.

‘ನನಗೆ ಥೈರಾಯ್ಡ್ ಇದೆ’ ಎಂದರೆ ಏನು?

ನಿಜ ಹೇಳಬೇಕೆಂದರೆ ಥೈರಾಯ್ಡ್ ಎಲ್ಲರಿಗೂ ಇದೆ. ಕತ್ತಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿ ಕೂತಿರುವ ಗ್ರಂಥಿ ಅದು. ಟಿ3, ಟಿ4 ಎಂಬ ಹಾರ್ಮೋನ್‌ಗಳನ್ನು ತಯಾರಿಸಿ ಹೃದಯದ ಬಡಿತ, ಮೈಯ ಬಿಸಿ, ಕರುಳಿನ ಚಲನೆ, ಔಷಧಿಯನ್ನು ಕರಗಿಸುವ ವೇಗ ಎಲ್ಲದರ ಮೇಲೂ ಪ್ರಭಾವ ಬೀರುತ್ತದೆ. ಮೆದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿ ಟಿಎಸ್‌ಎಚ್ ಎಂಬ ಹಾರ್ಮೋನ್ ಕಳಿಸಿ ಇದಕ್ಕೆ ಕೆಲಸ ಹೇಳುತ್ತದೆ. ಥೈರಾಯ್ಡ್ ಮಂದವಾದರೆ ಪಿಟ್ಯುಟರಿ ಜೋರಾಗಿ ಕೂಗುತ್ತದೆ, ಟಿಎಸ್‌ಎಚ್ ಏರುತ್ತದೆ. ಥೈರಾಯ್ಡ್ ಅತಿಯಾಗಿ ದುಡಿದರೆ ಪಿಟ್ಯುಟರಿ ಸುಮ್ಮನಾಗುತ್ತದೆ, ಟಿಎಸ್‌ಎಚ್ ಇಳಿಯುತ್ತದೆ. ರಿಪೋರ್ಟ್‌ನಲ್ಲಿ ಟಿಎಸ್‌ಎಚ್ ಹೆಚ್ಚಿದ್ದರೆ ಥೈರಾಯ್ಡ್ ಕಡಿಮೆ ಎಂದು ವೈದ್ಯರು ಹೇಳುವಾಗ ಹಲವರು ಗಲಿಬಿಲಿಗೊಳ್ಳುವುದು ಈ ತಿರುವುಮುರುವಿನಿಂದ.

ಹಾಗಾಗಿ ‘ಥೈರಾಯ್ಡ್ ಇದೆ’ ಎಂಬ ಎರಡು ಪದಗಳ ಹಿಂದೆ ಒಂದಕ್ಕೊಂದು ವಿರುದ್ಧವಾದ ಕಾಯಿಲೆಗಳೂ ಅಡಗಿರಬಹುದು. ಹಾರ್ಮೋನ್ ಸಾಲದಿರುವುದು ಹೈಪೊಥೈರಾಯ್ಡ್, ಮಿತಿಮೀರುವುದು ಹೈಪರ್‌ಥೈರಾಯ್ಡ್. ಹಾರ್ಮೋನ್ ಸರಿಯಿದ್ದೂ ಗ್ರಂಥಿ ಊದಿಕೊಂಡ ಗಳಗಂಡ ಇರಬಹುದು, ಗಂಟು ಇರಬಹುದು, ಕ್ಯಾನ್ಸರ್‌ಗಾಗಿ ಗ್ರಂಥಿಯನ್ನೇ ತೆಗೆಸಿಕೊಂಡವರೂ ಇರಬಹುದು. ಇವರೆಲ್ಲರಿಗೂ ಒಂದೇ ಎಚ್ಚರಿಕೆ, ಒಂದೇ ಭರವಸೆ ಕೊಡುವ ಫಾರ್ವರ್ಡ್ ಯಾರಿಗೂ ಪೂರ್ತಿ ಹೊಂದುವುದಿಲ್ಲ.

ಇದು ಎಷ್ಟು ಜನರ ಪ್ರಶ್ನೆ? ಬೆಂಗಳೂರೂ ಸೇರಿ ದೇಶದ 8 ನಗರಗಳಲ್ಲಿ 5,000ಕ್ಕೂ ಹೆಚ್ಚು ವಯಸ್ಕರ ರಕ್ತ ಪರೀಕ್ಷಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಅದರಲ್ಲಿ ಸುಮಾರು 11 ಶೇಕಡಾ ಜನರಿಗೆ ಹೈಪೊಥೈರಾಯ್ಡ್ ಇತ್ತು. ನಮ್ಮ ಗಮನ ಸೆಳೆದದ್ದು ಇನ್ನೊಂದು ಅಂಕಿ: ಒಟ್ಟು ಜನರಲ್ಲಿ ಸುಮಾರು 3.5 ಶೇಕಡಾ ಮಂದಿಗೆ ಕಾಯಿಲೆ ಇರುವುದು ಆ ಪರೀಕ್ಷೆಯವರೆಗೂ ಗೊತ್ತೇ ಇರಲಿಲ್ಲ. ‘ನನಗೆ ಥೈರಾಯ್ಡ್ ಇಲ್ಲ’ ಎಂದು ಫಾರಂನಲ್ಲಿ ಟಿಕ್ ಮಾಡಿ ಆಪರೇಷನ್ ಥಿಯೇಟರ್‌ಗೆ ಹೋಗುವವರಲ್ಲಿ ಇಂಥವರೂ ಇರುತ್ತಾರೆ.

ಹಾರ್ಮೋನ್ ಕಡಿಮೆ ಇರುವಾಗ

ಹೈಪೊಥೈರಾಯ್ಡ್ ಇರುವ, ಚಿಕಿತ್ಸೆ ಪಡೆಯದ ದೇಹ ಎಲ್ಲವನ್ನೂ ನಿಧಾನವಾಗಿ ಮಾಡುತ್ತದೆ. ಹೃದಯ ನಿಧಾನ, ಕರುಳು ನಿಧಾನ, ಅರಿವಳಿಕೆ ಔಷಧಿಯನ್ನು ಹೊರಹಾಕುವುದೂ ನಿಧಾನ. ಬೇರೆಯವರಿಗೆ ಕೊಡುವಷ್ಟೇ ಮಂಪರು ಔಷಧ, ನೋವಿನ ಇಂಜೆಕ್ಷನ್ ಕೊಟ್ಟರೂ ಇವರಿಗೆ ಹೆಚ್ಚಾಗಿ ಹಿಡಿಯಬಹುದು. ಎಚ್ಚರವಾಗುವುದು ತಡವಾಗಬಹುದು, ಉಸಿರಾಟ ಮಂದವಾಗಬಹುದು, ಮೈ ತಣ್ಣಗಾಗಬಹುದು, ರಕ್ತದೊತ್ತಡ ಇಳಿಯಬಹುದು. ಗಾಯ ಕೂಡುವುದಕ್ಕೂ ಹೆಚ್ಚು ದಿನ ಹಿಡಿಯಬಹುದು. ಗಾಯದ ಗೆರೆ ಎಷ್ಟು ಸಣ್ಣಗೆ ಉಳಿಯುತ್ತದೆ ಎಂಬುದೇ ಮುಖ್ಯವಾದ ಸರ್ಜರಿಯಲ್ಲಿ ಇದು ಚಿಕ್ಕ ವಿಷಯವಲ್ಲ.

ಹೆದರಿಸುವ ಫಾರ್ವರ್ಡ್‌ನಲ್ಲಿ ಬರುವ ‘ಕೋಮಾ’ ಕೂಡ ಸಂಪೂರ್ಣ ಕಟ್ಟುಕಥೆಯಲ್ಲ. ಮಿಕ್ಸಿಡೀಮಾ ಕೋಮಾ ಎಂಬ ಸ್ಥಿತಿ ಇದೆ. ತೀವ್ರವಾದ ಹೈಪೊಥೈರಾಯ್ಡ್ ತುಂಬಾ ಕಾಲ ಚಿಕಿತ್ಸೆ ಇಲ್ಲದೆ ಉಳಿದು, ಅದರ ಮೇಲೆ ಸೋಂಕು, ಚಳಿ, ಮಂಪರು ಔಷಧ ಅಥವಾ ಸರ್ಜರಿಯ ಹೊರೆ ಬಿದ್ದಾಗ ಬರುವಂಥದ್ದು. ಬಹಳ ಅಪರೂಪ. ದಿನಾ ಮಾತ್ರೆ ನುಂಗಿ, ಟಿಎಸ್‌ಎಚ್ ಮಿತಿಯೊಳಗೆ ಇಟ್ಟುಕೊಂಡಿರುವವರಿಗೆ ಈ ಹೆಸರು ಹೇಳಿ ಹೆದರಿಸುವುದು ಸರಿಯಲ್ಲ.

ಸೌಮ್ಯ ಏರುಪೇರು ಇದ್ದರೆ? 1983 ಮತ್ತು 1984ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಎರಡು ಅಧ್ಯಯನಗಳು, ಹೈಪೊಥೈರಾಯ್ಡ್ ಇದ್ದೂ ಸರ್ಜರಿಗೆ ಒಳಗಾದವರನ್ನು ಉಳಿದವರೊಂದಿಗೆ ಹೋಲಿಸಿದವು. ಭಯಪಟ್ಟಷ್ಟು ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಅಗತ್ಯವಾದ ಸರ್ಜರಿಯನ್ನು ಸೌಮ್ಯ ಹೈಪೊಥೈರಾಯ್ಡ್‌ಗಾಗಿ ತಡೆಹಿಡಿಯಬೇಕಿಲ್ಲ ಎಂಬ ಅಭಿಪ್ರಾಯ ಆಮೇಲೆ ಬಲವಾಯಿತು. ಟಿಎಸ್‌ಎಚ್ ಸ್ವಲ್ಪ ಹೆಚ್ಚಿದ್ದು ಟಿ4 ಸರಿಯಾಗಿಯೇ ಇರುವವರ ಸರ್ಜರಿಯನ್ನು ಸಾಮಾನ್ಯವಾಗಿ ಮುಂದೂಡುವುದಿಲ್ಲ. ಟಿ4 ಕೂಡ ಇಳಿದಿದ್ದರೆ, ಕಾಯಬಹುದಾದ ಸರ್ಜರಿಗಳನ್ನು ಮುಂದಕ್ಕೆ ಹಾಕುತ್ತಾರೆ.

ಆ 1984ರ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಇತ್ತು. ಸೋಂಕು ತಗುಲಿದಾಗಲೂ ಹೈಪೊಥೈರಾಯ್ಡ್ ಇದ್ದವರಲ್ಲಿ ಜ್ವರ ಕಾಣಿಸಿಕೊಳ್ಳುವುದು ಕಡಿಮೆ. ‘ಜ್ವರ ಬಂದರೆ ಫೋನ್ ಮಾಡಿ’ ಎಂದು ಹೇಳಿ ಮನೆಗೆ ಕಳಿಸುವ ಪದ್ಧತಿಗೆ ಇದು ತಕ್ಕದ್ದಲ್ಲ. ಹಾರ್ಮೋನ್ ಕಡಿಮೆ ಇರುವವರು ಗಾಯ ಕೆಂಪಾಗುವುದು, ಕೀವು, ಹೆಚ್ಚುತ್ತಿರುವ ನೋವು, ವಿಪರೀತ ಮಂಪರು ಇವುಗಳನ್ನೇ ನೋಡಬೇಕು. ಥರ್ಮಾಮೀಟರ್ ಒಂದನ್ನೇ ನಂಬಿ ಕೂರಬಾರದು.

ಹಾರ್ಮೋನ್ ಹೆಚ್ಚಿರುವಾಗ

ನಮ್ಮ ಮನೆಗಳಲ್ಲಿ ಹೈಪೊಥೈರಾಯ್ಡ್ ಮಾತೇ ಹೆಚ್ಚು. ಆದರೆ ಸರ್ಜರಿಯ ದೃಷ್ಟಿಯಿಂದ ಹೆಚ್ಚು ಅಪಾಯಕಾರಿ ಅದರ ವಿರುದ್ಧ ಸ್ಥಿತಿ. ಹೈಪರ್‌ಥೈರಾಯ್ಡ್ ಹತೋಟಿಗೆ ಬಾರದವರ ಹೃದಯ ಸುಮ್ಮನಿದ್ದಾಗಲೂ ವೇಗವಾಗಿ ಬಡಿಯುತ್ತಿರುತ್ತದೆ, ಕೆಲವರಲ್ಲಿ ಲಯವೂ ತಪ್ಪಿರುತ್ತದೆ. ಇಂಥವರಿಗೆ ಸರ್ಜರಿಯ ಒತ್ತಡ ಸೇರಿದರೆ ಥೈರಾಯ್ಡ್ ಸ್ಟಾರ್ಮ್ ಎಂಬ ತುರ್ತುಸ್ಥಿತಿ ಎದುರಾಗಬಹುದು. ವಿಪರೀತ ಜ್ವರ, ಅತಿ ವೇಗದ ನಾಡಿ, ಬೆವರು, ವಾಂತಿ-ಭೇದಿ, ಗೊಂದಲದ ಮಾತು. ಅಪರೂಪವಾದರೂ, ಐಸಿಯು ಚಿಕಿತ್ಸೆ ಸಿಕ್ಕಿಯೂ 10 ಜನರಲ್ಲಿ ಒಬ್ಬರು ಅಥವಾ ಅದಕ್ಕಿಂತ ಹೆಚ್ಚು ಮಂದಿ ಉಳಿಯದಷ್ಟು ಭೀಕರ.

ಸರ್ಜರಿಗೆ ಸಂಬಂಧಿಸಿದ ಸ್ಟಾರ್ಮ್ ಹೆಚ್ಚಾಗಿ ಆಪರೇಷನ್ ಆದ 6ರಿಂದ 24 ಗಂಟೆಗಳ ನಡುವೆ ಕಾಣಿಸಿಕೊಳ್ಳುತ್ತದೆ. ‘ಸಂಜೆಯೇ ಮನೆಗೆ’ ಎಂಬ ಜಾಹೀರಾತನ್ನು ಈ ಅಂಕಿಯ ಪಕ್ಕದಲ್ಲಿಟ್ಟು ನೋಡಿ. ಅಷ್ಟು ಹೊತ್ತಿಗೆ ರೋಗಿ ಮನೆಯ ಹಾಸಿಗೆಯಲ್ಲಿರುತ್ತಾರೆ, ಪಕ್ಕದಲ್ಲಿರುವವರಿಗೆ ಅದು ಬರೀ ಜ್ವರದಂತೆ ಕಾಣುತ್ತದೆ.

ಕಾರ್ಬಿಮಜೋಲ್, ಮೆಥಿಮಜೋಲ್‌ನಂಥ ಮಾತ್ರೆಗಳಿಂದ ಹಾರ್ಮೋನ್ ಹತೋಟಿಗೆ ಬರಲು ಸಾಮಾನ್ಯವಾಗಿ ಕೆಲವು ವಾರಗಳು ಬೇಕು. ಹೈಪರ್‌ಥೈರಾಯ್ಡ್ ಸ್ಪಷ್ಟವಾಗಿ ಇರುವಾಗ ಕಾಸ್ಮೆಟಿಕ್ ಸರ್ಜರಿಗೆ ದಿನಾಂಕ ಕೊಡುವುದೇ ತಪ್ಪು ಎನ್ನುವುದು ನಮ್ಮ ಅಭಿಪ್ರಾಯ. ಮದುವೆಯ ಮುಹೂರ್ತ ಗೊತ್ತಾಗಿದೆ ಎಂಬುದು ಇಲ್ಲಿ ಕಾರಣವಾಗುವುದಿಲ್ಲ.

ಗಳಗಂಡದ ಮಾತೂ ಸೇರಿಸಬೇಕು. ರಕ್ತದ ರಿಪೋರ್ಟ್ ಪೂರ್ತಿ ಸರಿಯಿದ್ದರೂ, ಊದಿದ ಗ್ರಂಥಿ ಶ್ವಾಸನಾಳವನ್ನು ಒತ್ತುತ್ತಿದ್ದರೆ ಅರಿವಳಿಕೆ ಕೊಡುವಾಗ ಉಸಿರಿನ ಕೊಳವೆ ಹಾಕುವುದು ಕಷ್ಟವಾಗುತ್ತದೆ. ಮಲಗಿದಾಗ ಉಸಿರು ಕಟ್ಟಿದಂತಾಗುವುದು, ನುಂಗಲು ತೊಡಕು, ದನಿ ಬದಲಾಗುವುದು ಇದ್ದರೆ ಅರಿವಳಿಕೆ ತಜ್ಞರಿಗೆ ಮೊದಲೇ ಹೇಳಿ.

ಲೋಕಲ್ ಅನಸ್ತೇಶಿಯಾ ಅಂದರೆ ಭಯವಿಲ್ಲವೇ?

ಪೂರ್ತಿ ಅರಿವಳಿಕೆ ಇಲ್ಲ, ಬರೀ ಮರಗಟ್ಟಿಸುವ ಇಂಜೆಕ್ಷನ್ ಎಂದಾಗ ಥೈರಾಯ್ಡ್ ವಿಷಯ ಹೇಳುವುದನ್ನೇ ಹಲವರು ಬಿಟ್ಟುಬಿಡುತ್ತಾರೆ. ಮರಗಟ್ಟಿಸಲು ಕೊಡುವ ಲಿಡೊಕೇನ್ ಜೊತೆ ಅನೇಕ ಸಲ ಅಡ್ರಿನಲಿನ್ ಬೆರೆಸಿರುತ್ತಾರೆ. ರಕ್ತ ಹೆಚ್ಚು ಹರಿಯದಂತೆ, ಮರಗಟ್ಟುವಿಕೆ ಹೆಚ್ಚು ಹೊತ್ತು ಉಳಿಯುವಂತೆ ಅದು ಮಾಡುತ್ತದೆ. ಲೈಪೊಸಕ್ಷನ್‌ನಲ್ಲಿ ಇವೆರಡನ್ನೂ ಬಹಳಷ್ಟು ಸಲೈನ್‌ನಲ್ಲಿ ಕಲಸಿ ಕೊಬ್ಬಿನ ಪದರಕ್ಕೆ ತುಂಬುತ್ತಾರೆ. ಈ ವಿಧಾನವನ್ನು ಅಮೆರಿಕದ ಚರ್ಮವೈದ್ಯ ಜೆಫ್ರಿ ಕ್ಲೈನ್ 1987ರಲ್ಲಿ ಪ್ರಕಟಿಸಿದರು. ಅಲ್ಲಿಂದೀಚೆಗೆ ಲೈಪೊಸಕ್ಷನ್‌ನಲ್ಲಿ ರಕ್ತಸ್ರಾವ ಬಹಳ ಕಡಿಮೆಯಾಗಿದೆ. ಆದರೆ ಹತೋಟಿಯಲ್ಲಿಲ್ಲದ ಹೈಪರ್‌ಥೈರಾಯ್ಡ್ ಇದ್ದರೆ, ಈಗಾಗಲೇ ಓಡುತ್ತಿರುವ ಹೃದಯವನ್ನು ಅಡ್ರಿನಲಿನ್ ಮತ್ತಷ್ಟು ಓಡಿಸಬಹುದು. ಕೂದಲು ಕಸಿಗೂ ಇದೇ ಮಾತು, ಅಲ್ಲೂ ಇದೇ ಔಷಧಿಗಳು ಬಳಕೆಯಲ್ಲಿವೆ.

ಬೊಟಾಕ್ಸ್, ಫಿಲ್ಲರ್ ಸರ್ಜರಿಯಲ್ಲ, ಇಂಜೆಕ್ಷನ್‌ಗಳು. ಥೈರಾಯ್ಡ್ ಹದದಲ್ಲಿರುವವರಿಗೆ ಇವು ಸಾಮಾನ್ಯವಾಗಿ ನಿಷಿದ್ಧವಲ್ಲ. ಒಂದು ಸಣ್ಣ ಕೊಂಡಿ ಇದೆ: ದೇಹವೇ ತನ್ನ ಥೈರಾಯ್ಡ್ ಮೇಲೆ ದಾಳಿ ಮಾಡುವ ಗ್ರೇವ್ಸ್, ಹಶಿಮೊಟೊ ತೊಂದರೆಗಳಿರುವ ಕೆಲವರಲ್ಲಿ ಸ್ನಾಯು ಸೋಲುವ ಮಯಸ್ತೇನಿಯಾ ಗ್ರೇವಿಸ್ ಎಂಬ ಕಾಯಿಲೆಯೂ ಇರಬಹುದು. ಅವರಿಗೆ ಬೊಟಾಕ್ಸ್ ಅಪಾಯಕಾರಿ. ಸಂಜೆಯಾಗುತ್ತಿದ್ದಂತೆ ರೆಪ್ಪೆ ಜೋತುಬೀಳುವುದು, ಒಂದೇ ವಸ್ತು ಎರಡಾಗಿ ಕಾಣುವುದು, ಅಗಿಯುವಾಗ ದವಡೆ ಸೋಲುವುದು ಇದ್ದರೆ ಮೊದಲು ನರರೋಗ ತಜ್ಞರನ್ನು ಕಾಣಬೇಕು.

ಸರಿಪಡಿಸಬೇಕೆಂದಿರುವುದೇ ಥೈರಾಯ್ಡ್ ಲಕ್ಷಣವಾಗಿದ್ದರೆ?

ಸುರಕ್ಷತೆಯ ಚರ್ಚೆಯಲ್ಲಿ ಯಾರೂ ಹೆಚ್ಚು ಕೇಳದ ಪ್ರಶ್ನೆ ಇದು. ನಮಗೆ ಇದೇ ಮುಖ್ಯ ಅನ್ನಿಸುತ್ತದೆ.

ಹೈಪೊಥೈರಾಯ್ಡ್‌ನಲ್ಲಿ ಮುಖ ಊದಿಕೊಳ್ಳುತ್ತದೆ, ಕಣ್ಣಿನ ಕೆಳಗೆ ಚೀಲ ಕಟ್ಟಿದಂತಾಗುತ್ತದೆ, ಹುಬ್ಬಿನ ಹೊರತುದಿ ತೆಳುವಾಗುತ್ತದೆ, ಕೂದಲು ಉದುರುತ್ತದೆ, ಚರ್ಮ ಒಣಗುತ್ತದೆ. ಇವೆಲ್ಲ ಕಾಸ್ಮೆಟಿಕ್ ಕ್ಲಿನಿಕ್‌ನ ಬೋರ್ಡಿನ ಮೇಲೆ ಬೇರೆ ಬೇರೆ ಪ್ಯಾಕೇಜ್‌ಗಳಾಗಿ ಇರುತ್ತವೆ. ಮಾತ್ರೆ ಶುರುವಾದ ಮೇಲೆ ಊತ ಇಳಿಯಲು, ಕೂದಲು ಮತ್ತೆ ಬರಲು ಕೆಲವು ತಿಂಗಳು ಬೇಕು. ಅಷ್ಟು ಕಾಯದೆ ರೆಪ್ಪೆ ಕತ್ತರಿಸಿಕೊಂಡರೆ, ಊತ ಇಳಿದ ಮೇಲೆ ಕಡಿಮೆ ಬೀಳುವುದು ಚರ್ಮವೇ. ಕಣ್ಣು ಪೂರ್ತಿ ಮುಚ್ಚದಂತಾಗಬಹುದು. ಥೈರಾಯ್ಡ್‌ನಿಂದ ತಲೆ ತುಂಬಾ ಉದುರುತ್ತಿರುವ ಕೂದಲಿಗೆ ಕಸಿ ಪರಿಹಾರವೇ ಅಲ್ಲ.

ತೂಕದ ವಿಷಯದಲ್ಲಿ ಬಹಳ ತಪ್ಪು ತಿಳಿವಳಿಕೆ ಇದೆ. ಹೈಪೊಥೈರಾಯ್ಡ್‌ನಿಂದ ಏರುವ ತೂಕ ಹೆಚ್ಚಿನವರಲ್ಲಿ ಸುಮಾರು 2ರಿಂದ 5 ಕಿಲೊ, ಅದರಲ್ಲೂ ಬಹುಪಾಲು ದೇಹದಲ್ಲಿ ನಿಂತ ಉಪ್ಪು ಮತ್ತು ನೀರು. ಲೈಪೊಸಕ್ಷನ್ ನೀರನ್ನು ತೆಗೆಯುವುದಿಲ್ಲ. ಅದು ತೂಕ ಇಳಿಸುವ ಚಿಕಿತ್ಸೆಯೂ ಅಲ್ಲ, ಹಟಮಾರಿ ಕೊಬ್ಬು ಕೂತ ಜಾಗದ ಆಕಾರ ತಿದ್ದುವ ವಿಧಾನ ಅಷ್ಟೇ. ಸರ್ಜರಿಗೆ ಮೊದಲು ಬೇಗ ತೆಳ್ಳಗಾಗಲೆಂದು ಥೈರಾಯ್ಡ್ ಮಾತ್ರೆಯನ್ನು ಹೆಚ್ಚಿಗೆ ನುಂಗುವವರಿದ್ದಾರೆ. ಅದು ದೇಹವನ್ನು ಹೈಪರ್‌ಥೈರಾಯ್ಡ್ ಸ್ಥಿತಿಗೆ ತಳ್ಳಿ, ಮೇಲೆ ಹೇಳಿದ ಹೃದಯದ ಅಪಾಯವನ್ನು ಕೈಯಾರೆ ತಂದುಕೊಂಡಂತೆ. ತೂಕ ಇಳಿಸಲು ಈ ಮಾತ್ರೆ ಬಳಸಬಾರದೆಂಬ ಎಚ್ಚರಿಕೆಯನ್ನು ಅಮೆರಿಕದಲ್ಲಿ ಔಷಧಿಯ ಮಾಹಿತಿ ಪತ್ರದಲ್ಲೇ ಚೌಕಟ್ಟು ಹಾಕಿ ಮುದ್ರಿಸುತ್ತಾರೆ.

ಗ್ರೇವ್ಸ್ ಕಾಯಿಲೆಯಲ್ಲಿ ಕಣ್ಣುಗುಡ್ಡೆ ಮುಂದಕ್ಕೆ ಚಾಚಿ, ರೆಪ್ಪೆ ಹಿಂದಕ್ಕೆ ಸರಿದು, ಯಾವಾಗಲೂ ದಿಟ್ಟಿಸುತ್ತಿರುವಂತೆ ಕಾಣುವುದುಂಟು. ಜನರ ನೋಟ, ‘ಯಾಕೆ ಹಾಗೆ ಕಣ್ಣು ಬಿಡ್ತೀಯಾ’ ಎಂಬ ಮಾತು ಎಷ್ಟು ಚುಚ್ಚುತ್ತದೆ ಎಂದು ಅನುಭವಿಸಿದವರಿಗೇ ಗೊತ್ತು. ಇವರಿಗೆ ಸರ್ಜರಿ ಬೇಕೆನಿಸುವುದು ಶೋಕಿಯಲ್ಲ. ಆದರೆ ಕಣ್ಣಿನ ಉರಿಯೂತ ಇನ್ನೂ ಚುರುಕಾಗಿರುವಾಗ ಮಾಡಿದ ತಿದ್ದುಪಡಿ ನಿಲ್ಲುವುದಿಲ್ಲ. ದೃಷ್ಟಿಗೇ ಅಪಾಯ ಇಲ್ಲದಿದ್ದರೆ, ಕಾಯಿಲೆ ತಣ್ಣಗಾಗಿ ಸುಮಾರು 6 ತಿಂಗಳು ಬದಲಾವಣೆ ಇಲ್ಲದೆ ಇರುವುದನ್ನು ತಜ್ಞರು ಕಾಯುತ್ತಾರೆ. ಆಮೇಲೂ ಒಂದು ಸರದಿ ಇದೆ: ಬೇಕಿದ್ದರೆ ಮೊದಲು ಕಣ್ಣಿನ ಗೂಡಿನ ಸರ್ಜರಿ, ನಂತರ ಮೆಳ್ಳೆಗಣ್ಣಿನದು, ಕೊನೆಗೆ ರೆಪ್ಪೆಯದು. ಸಿಗರೇಟ್ ಸೇದುವವರಲ್ಲಿ ಈ ಕಣ್ಣಿನ ತೊಂದರೆ ಬಿಗಡಾಯಿಸುತ್ತದೆ. ಇದು ಕಣ್ಣಿನ ಪ್ಲಾಸ್ಟಿಕ್ ಸರ್ಜರಿಯಲ್ಲಿ ಪಳಗಿದ ನೇತ್ರತಜ್ಞರ ಕೆಲಸ, ಬ್ಯೂಟಿ ಪ್ಯಾಕೇಜ್‌ನದ್ದಲ್ಲ.

ರಿಪೋರ್ಟ್‌ ಅನ್ನೇ ದಾರಿತಪ್ಪಿಸುವ ಕೂದಲಿನ ಮಾತ್ರೆ

ಹಳೆಯ ರಿಪೋರ್ಟ್ ತೋರಿಸಿ ‘ನಾರ್ಮಲ್ ಇದೆ’ ಎಂದರೆ ಸಾಲದು. ಥೈರಾಯ್ಡ್ ಮಾತ್ರೆಯ ಪ್ರಮಾಣ ಬದಲಾದ ಮೇಲೆ ಟಿಎಸ್‌ಎಚ್ ಒಂದು ಮಟ್ಟಕ್ಕೆ ನಿಲ್ಲಲು 6ರಿಂದ 8 ವಾರ ಬೇಕು. ನಡುವೆ ಪರೀಕ್ಷೆ ಮಾಡಿಸಿದರೆ ಅರ್ಧ ದಾರಿಯ ಅಂಕಿ ಸಿಗುತ್ತದೆ. ಲ್ಯಾಬ್‌ಗಳು ಹೆಚ್ಚಾಗಿ 0.4ರಿಂದ 4ರ ಆಸುಪಾಸನ್ನು ಸಹಜ ಎಂದು ಬರೆಯುತ್ತವೆ, ಲ್ಯಾಬ್‌ನಿಂದ ಲ್ಯಾಬ್‌ಗೆ ಸ್ವಲ್ಪ ವ್ಯತ್ಯಾಸ ಇರುತ್ತದೆ. ಥೈರಾಯ್ಡ್ ಕ್ಯಾನ್ಸರ್ ಆದ ಕೆಲವರಿಗೆ ವೈದ್ಯರು ಬೇಕೆಂದೇ ಟಿಎಸ್‌ಎಚ್ ಕೆಳಗಿಟ್ಟಿರುತ್ತಾರೆ. ಅವರ ರಿಪೋರ್ಟ್ ನೋಡಿ ಗಾಬರಿಯಾಗಿ ಮಾತ್ರೆ ನಿಲ್ಲಿಸುವುದೂ ತಪ್ಪೇ.

ಇನ್ನು ಬಯೊಟಿನ್. ಕೂದಲು, ಉಗುರು, ಚರ್ಮ ಚೆನ್ನಾಗಿರಲೆಂದು ಮಾರುವ ಮಾತ್ರೆ, ಗಮ್ಮಿಗಳಲ್ಲಿ ಇದು ದೊಡ್ಡ ಪ್ರಮಾಣದಲ್ಲಿರುತ್ತದೆ. ಕಾಸ್ಮೆಟಿಕ್ ಸರ್ಜರಿಯ ಯೋಚನೆಯಲ್ಲಿರುವವರು ಇದನ್ನು ನುಂಗುತ್ತಿರುವ ಸಾಧ್ಯತೆ ಹೆಚ್ಚು. ಹಲವು ಲ್ಯಾಬ್ ಯಂತ್ರಗಳ ಪರೀಕ್ಷಾ ವಿಧಾನದಲ್ಲೇ ಬಯೊಟಿನ್ ಬಳಕೆಯಾಗುವುದರಿಂದ, ರಕ್ತದಲ್ಲಿರುವ ಹೆಚ್ಚುವರಿ ಬಯೊಟಿನ್ ಲೆಕ್ಕ ಕೆಡಿಸುತ್ತದೆ. ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ, ಟಿ3 ಮತ್ತು ಟಿ4 ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ನಿಜಕ್ಕೂ ಹಾರ್ಮೋನ್ ಸಾಲದವರ ರಿಪೋರ್ಟ್ ‘ನಾರ್ಮಲ್’ ಎಂದು ಬರಬಹುದು, ಆರೋಗ್ಯವಂತರಿಗೆ ಹೈಪರ್‌ಥೈರಾಯ್ಡ್ ಎಂಬ ಹಣೆಪಟ್ಟಿ ಬೀಳಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಬಗ್ಗೆ 2017ರ ನವೆಂಬರ್‌ನಲ್ಲಿ ಎಚ್ಚರಿಕೆ ನೀಡಿತು. ಥೈರಾಯ್ಡ್ ಪರೀಕ್ಷೆಗೆ ಕನಿಷ್ಠ 2 ದಿನ ಮೊದಲು ಬಯೊಟಿನ್ ನಿಲ್ಲಿಸಬೇಕೆಂದು ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ ಸಲಹೆ ಕೊಡುತ್ತದೆ. ಫಾರ್ವರ್ಡ್ ಮಾಡಲೇಬೇಕೆಂದಿದ್ದರೆ ಈ ಪ್ಯಾರಾ ಮಾಡಿ.

ಆ ದಿನ ಬೆಳಿಗ್ಗೆ ಮಾತ್ರೆ ತೆಗೆದುಕೊಳ್ಳಬೇಕೇ?

‘ಏನೂ ಸೇವಿಸಬೇಡಿ’ ಎಂದದ್ದಕ್ಕೆ ಮಾತ್ರೆಯನ್ನೂ ಬಿಡುವವರು ಹೆಚ್ಚು. ಲಿವೊಥೈರಾಕ್ಸಿನ್ ಮಾತ್ರೆಯನ್ನು ಆ ಬೆಳಿಗ್ಗೆಯೂ ಒಂದು ಗುಟುಕು ನೀರಿನೊಂದಿಗೆ ತೆಗೆದುಕೊಳ್ಳಲು ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ. ನಿಮ್ಮ ಅರಿವಳಿಕೆ ತಜ್ಞರನ್ನು ಕೇಳಿ ಖಚಿತಪಡಿಸಿಕೊಳ್ಳಿ. ಒಂದು ದಿನ ತಪ್ಪಿದರೆ ಅನಾಹುತವೇನೂ ಆಗದು, ಈ ಹಾರ್ಮೋನ್ ಅರ್ಧಕ್ಕೆ ಇಳಿಯಲು ಸುಮಾರು 7 ದಿನ ಬೇಕು. ತೊಂದರೆಯಾಗುವುದು ‘ಸರ್ಜರಿಗೆ ಮೊದಲು ದೇಹ ಶುದ್ಧವಾಗಲಿ’ ಎಂದು ವಾರಗಟ್ಟಲೆ ಮಾತ್ರೆ ನಿಲ್ಲಿಸಿ, ಕೊತ್ತಂಬರಿ ಬೀಜದ ನೀರು ಕುಡಿಯುವವರಿಗೆ. ಕೊತ್ತಂಬರಿ ಸಾರಿಗೆ ಒಳ್ಳೆಯದು, ಹಾರ್ಮೋನ್‌ಗೆ ಬದಲಿಯಲ್ಲ. ಹೈಪರ್‌ಥೈರಾಯ್ಡ್ ಮಾತ್ರೆಗಳನ್ನಂತೂ ವೈದ್ಯರು ಹೇಳದೆ ಬಿಡಲೇಬಾರದು.

ಕ್ಲಿನಿಕ್‌ನಲ್ಲಿ ಥೈರಾಯ್ಡ್ ವಿಷಯ ಮುಚ್ಚಿಡುವವರೂ ಇದ್ದಾರೆ. ಕಟ್ಟಿದ ಅಡ್ವಾನ್ಸ್ ಹೋಗುತ್ತದೆ, ದಿನಾಂಕ ಮುಂದಕ್ಕೆ ಹೋಗುತ್ತದೆ ಎಂಬ ಭಯ. ನೀವು ಹೇಳಿದ ಮೇಲೂ ‘ಅದೆಲ್ಲ ಬೇಡ’ ಎಂದು ರಕ್ತಪರೀಕ್ಷೆ ಕೇಳದ ಜಾಗವಾದರೆ ಅಡ್ವಾನ್ಸ್ ಹೋದರೂ ಪರವಾಗಿಲ್ಲ, ಎದ್ದು ಬನ್ನಿ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಯುವ ಸರ್ಜರಿಯ ನಂತರ 21 ವರ್ಷದ ಕಿರುತೆರೆ ನಟಿಯೊಬ್ಬರು ತೀರಿಕೊಂಡಾಗ ಇಂಥ ಕ್ಲಿನಿಕ್‌ಗಳ ಸೌಲಭ್ಯದ ಪ್ರಶ್ನೆ ಮೇಲೆ ಬಂತು. ಆ ಸಾವನ್ನು ಥೈರಾಯ್ಡ್‌ಗೆ ಗಂಟುಹಾಕುವುದು ಸರಿಯಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಕೂದಲು ಕಸಿಯ ಬಗ್ಗೆ ಮಾರ್ಗಸೂಚಿ ಹೊರಡಿಸಿ, ಯೂಟ್ಯೂಬ್ ಅಥವಾ ವರ್ಕ್‌ಶಾಪ್ ನೋಡಿ ಕಲಿತದ್ದು ಸಾಲದು ಎಂದು ಸ್ಪಷ್ಟವಾಗಿ ಹೇಳಿತು. ಅರಿವಳಿಕೆ ಕೊಡುವವರು ಯಾರು, ಅವರ ಅರ್ಹತೆ ಏನು, ರಾತ್ರಿ ತೊಂದರೆಯಾದರೆ ಯಾವ ಐಸಿಯುಗೆ ಕರೆದೊಯ್ಯುತ್ತಾರೆ ಎಂದು ಕೇಳುವುದು ನಿಮ್ಮ ಹಕ್ಕು. ಕ್ಲಿನಿಕ್‌ಗೆ ಕೆಪಿಎಂಇ ನೋಂದಣಿ ಇದೆಯೇ ಎಂದೂ ನೋಡಿ, ಕರ್ನಾಟಕದ ಖಾಸಗಿ ಕ್ಲಿನಿಕ್, ಆಸ್ಪತ್ರೆಗಳಿಗೆ ಅದು ಕಡ್ಡಾಯ.

ಸರ್ಜರಿ ಚೆನ್ನಾಗಿ ಮುಗಿದು ಮನೆಗೆ ಬಂದ ಮೇಲೆ ಒಂದು ಸಣ್ಣ ಎಡವಟ್ಟು ಆಗುವುದುಂಟು. ರಕ್ತ ಕಡಿಮೆಯಾಗಿದೆ ಎಂದು ಕಬ್ಬಿಣಾಂಶದ ಮಾತ್ರೆ, ಜೊತೆಗೆ ಕ್ಯಾಲ್ಸಿಯಂ ಬರೆದುಕೊಟ್ಟಿರುತ್ತಾರೆ. ಮರೆಯಬಾರದೆಂದು ಮನೆಯವರು ಎಲ್ಲವನ್ನೂ ಬೆಳಿಗ್ಗೆ ಒಟ್ಟಿಗೆ ಕೊಡುತ್ತಾರೆ. ಕಬ್ಬಿಣ, ಕ್ಯಾಲ್ಸಿಯಂ ಎರಡೂ ಥೈರಾಯ್ಡ್ ಮಾತ್ರೆಯನ್ನು ಹೊಟ್ಟೆಯಲ್ಲೇ ಹಿಡಿದಿಟ್ಟು ರಕ್ತಕ್ಕೆ ಸೇರದಂತೆ ಮಾಡುತ್ತವೆ. ಥೈರಾಯ್ಡ್ ಮಾತ್ರೆಯನ್ನು ಎಂದಿನಂತೆ ಖಾಲಿ ಹೊಟ್ಟೆಯಲ್ಲಿ, ತಿಂಡಿಗೆ ಅರ್ಧದಿಂದ ಒಂದು ಗಂಟೆ ಮೊದಲು ತೆಗೆದುಕೊಳ್ಳಿ. ಉಳಿದೆರಡಕ್ಕೂ ಅದರಿಂದ ಕನಿಷ್ಠ 4 ಗಂಟೆ ಅಂತರ ಇರಲಿ, ಮಧ್ಯಾಹ್ನದ ಊಟದ ನಂತರ ಎಂದು ಇಟ್ಟುಕೊಂಡರೆ ನೆನಪಿಡುವುದು ಸುಲಭ.